ವಾಗ್ದಾಸೋಹಿ ಬಿ. ಎಂ. ಶ್ರೀಕಂಠಯ್ಯನವರು

ಮಠಗಳಲ್ಲಿ ನಡೆಯುವ ಮಹೋತ್ಸವಗಳಿಗೆ ಅನ್ನದಾಸೋಹವು ಎಷ್ಟು ಮುಖ್ಯವೋ ಜ್ಞಾನದಾಸೋಹವೂ ಅಷ್ಟೇ ಮುಖ್ಯವಾದುದು. ಅನ್ನದಾಸೋಹವು ನಡೆಯಬೇಕಾದರೆ ಬರುವ ಭಕ್ತರ ಸಂಖ್ಯೆಯನ್ನು ಮುಂಚಿತವಾಗಿ ಅಂದಾಜುಮಾಡಿ, ಅಕ್ಕಿ ಬೇಳೆಗಳನ್ನು ಕೂಡಿಸಿ, ಸೌದೆಯನ್ನು ಒಟ್ಟಿ, ಬೆಳಗಾಗುವುದಕ್ಕೆ ಮೊದಲೇ ಒಲೆ ಹೂಡುವುದುಂಟು. ಜ್ಞಾನದಾಸೋಹಕ್ಕೆಂದು ವೇದಿಕೆಯನ್ನೇರುವವರಲ್ಲಿಯಾದರೋ ಅನೇಕರು ಅಂತಹ ಸಿದ್ಧತೆಯು ತಮಗೂ ಬೇಕೆಂದು ಭಾವಿಸುವುದಿಲ್ಲ. ಬಾಯಿಯಿದ್ದ ಮೇಲೆ ಮಾತು ತಾನಾಗಿಯೇ ಬರುವುದೆಂಬ ನಂಬಿಕೆ ಅವರದು. ಅದರ ಫಲವಾಗಿ ದೂರದೂರದಿಂದ ಬಂದ ಭಕ್ತರು ಅನ್ನವನ್ನುಂಡು ತೃಪ್ತರಾಗಿ, ಮಾತನ್ನು ಕೇಳಿ ಹಸಿದವರಾಗಿ ಹಿಂದಿರುಗುವ ಪ್ರಸಂಗಗಳು ಇಲ್ಲದಿಲ್ಲ. ಮಾತಿಗೂ ಅಡುಗೆಯಷ್ಟೇ ಸಿದ್ಧತೆ ಬೇಕೆಂಬುದನ್ನು ತಮ್ಮ ಜೀವಮಾನವೆಲ್ಲ ನಡೆದು ತೋರಿಸಿದ ಮಹನೀಯರೊಬ್ಬರು ನಮ್ಮ ನಾಡಿನಲ್ಲಿ ಆಗಿಹೋದರು. ಅವರೇ ಕನ್ನಡದ ಕಣ್ವರೆಂದು ಪ್ರಖ್ಯಾತರಾದ ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು. ಅವರು ವೀರಶೈವ ಪರಂಪರೆಯಲ್ಲಿ ಹುಟ್ಟಿದವರಲ್ಲ; ಆದರೂ ಮಾತನ್ನು ಸೇವೆಯೆಂದು ತಿಳಿದವರು ಯಾವ ಕುಲದವರಾದರೂ ಶರಣರ ಅಂಗಳಕ್ಕೆ ಹೊರಗಿನವರಾಗಲಾರರು.

ಆದಿಚುಂಚನಗಿರಿಯ ಬೆಟ್ಟಕ್ಕೆ ಸಮೀಪದಲ್ಲಿ, ನಾಗಮಂಗಲ ತಾಲ್ಲೂಕಿಗೆ ಸೇರಿದ ಬೆಳ್ಳೂರೆಂಬ ಊರಿರುವುದು. ಶ್ರೀಕಂಠಯ್ಯನವರ ಮನೆತನಕ್ಕೆ ಇದೇ ಮೂಲಸ್ಥಾನ; ಅವರ ಹೆಸರಿನ ಮೊದಲಿನ ಬಕಾರವು ಈ ಊರನ್ನೂ, ಮಕಾರವು ಅವರ ತಂದೆಯಾದ ಮೈಲಾರಯ್ಯನವರನ್ನೂ ಸೂಚಿಸುವುವು. ಅವರು ಜನಿಸಿದುದು ೧೮೮೪ನೆಯ ಇಸವಿ ಜನವರಿ ೩ನೆಯ ತಾರೀಖು, ತುಮಕೂರು ಸೀಮೆಯ ತುರುವೇಕೆರೆಗೆ ಸೇರಿದ ಸಂಪಿಗೆ ಗ್ರಾಮದಲ್ಲಿ. ತಾಯಿ ಭಾಗೀರಥಮ್ಮನವರು. ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದುದರಿಂದ ಬಾಲಕನ ವಿದ್ಯಾಭ್ಯಾಸವು ಕಾವೇರಿಯ ನಡುವಿನ ಆ ಪುಣ್ಯಕ್ಷೇತ್ರದಲ್ಲಿಯೇ ಆರಂಭವಾಯಿತು. ಬೆಳ್ಳೂರು, ಶ್ರೀರಂಗಪಟ್ಟಣಗಳೆರಡೂ ಆಗ ಮೈಸೂರು ಜಿಲ್ಲೆಗೆ ಸೇರಿದ್ದುವು. ಮಂಡ್ಯ ಜಿಲ್ಲೆಯು ಬೇರೆಯಾಗಿ ಏರ್ಪಟ್ಟುದು ೧೯೩೯ರಲ್ಲಿ.

ದಾಖಲೆಗಳನ್ನು ಓದದೆ, ಎದುರಾಳಿಯು ಏನು ಹೇಳಬಹುದೆಂಬುದನ್ನು ಮೊದಲೇ ಊಹಿಸಿಕೊಳ್ಳದೆ ನ್ಯಾಯಸ್ಥಾನಕ್ಕೆ ಹೋಗುವ ವಕೀಲನು ತನ್ನ ಕಕ್ಷಿಗಾರನನ್ನು ಕೆಡಿಸುವನು. ಇಂತಹ ವೃತ್ತಿಯ ಮನೆಯಲ್ಲಿ ಶ್ರೀಕಂಠಯ್ಯನವರು ಬೆಳೆದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ೧೯೦೩ರಲ್ಲಿ ಬಿ. ಎ. ಪದವಿಯನ್ನೂ, ಅನಂತರ ಮದರಾಸಿಗೆ ತೆರಳಿ ೧೯೦೬ರಲ್ಲಿ ಬಿ. ಎಲ್. ಪದವಿಯನ್ನೂ, ೧೯೦೭ರಲ್ಲಿ ಎಂ. ಎ. ಪದವಿಯನ್ನೂ ಪಡೆದರು. ನ್ಯಾಯಶಾಸ್ತ್ರವನ್ನು ಕಲಿತಿದ್ದರೂ ಅವರನ್ನು ಕೈಬೀಸಿ ಕರೆದುದು ಅಧ್ಯಾಪಕವೃತ್ತಿ. ೧೯೦೯ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಭಾಷೆಯ ಉಪಾಧ್ಯಾಯರಾಗಿ ಸೇರಿದರು.

ಆ ಕಾಲದ ಕನ್ನಡದ ಸ್ಥಿತಿಯನ್ನು ಇಂದಿನವರು ಊಹಿಸಿಕೊಳ್ಳುವುದೇ ಕಷ್ಟ. ಕನ್ನಡನಾಡು ಒಂದಾಗಿರಲಿಲ್ಲ. ಮೈಸೂರು ಅರಸರಿಗೆ ಒಂದು ಭಾಗ, ಮುಂಬಯಿ ಪ್ರಾಂತ್ಯಕ್ಕೆ ಒಂದು, ಮದರಾಸಿಗೆ ಒಂದು, ಹೈದರಾಬಾದಿನ ನಿಜಾಮರಿಗೆ ಒಂದು, ಕೊಡಗು ಪ್ರತ್ಯೇಕ; ಹೀಗೆ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದಿತು. ಧಾರವಾಡದ ಕಡೆಯಲ್ಲಿ ಮರಾಠಿಯೂ, ಕಲಬುರ್ಗಿಯ ಕಡೆಯಲ್ಲಿ ಉರ್ದುವೂ, ಎಲ್ಲೆಡೆಯಲ್ಲಿ ಇಂಗ್ಲಿಷೂ ಮೇಲುಗೈಯಾಗಿದ್ದುವು. ವಿದ್ಯಾವಂತರು ಮನೆಯಲ್ಲಿ ಕನ್ನಡವನ್ನಾಡಿದರೂ ಸಭೆಯಲ್ಲಿ ನಿಂತು ಗಹನವಾದ ವಿಷಯವನ್ನು ಕನ್ನಡದಲ್ಲಿ ಹೇಳುವುದಕ್ಕೆ ಸಂಕೋಚಪಡುತ್ತಿದ್ದರು. ಪಂಡಿತರು ಮಾತನಾಡಿದರೆ ಅದು ಗ್ರಂಥದ ಭಾಷೆಯಾಗಿ ಪಾಮರರಿಗೆ ಎಟುಕುತ್ತಿರಲಿಲ್ಲ. ಬಸವಾದಿ ಶರಣರು ೧೨ನೆಯ ಶತಮಾನದಲ್ಲಿಯೇ ಅತ್ಯುನ್ನತವಾದ ಅನುಭವವನ್ನು ಆಡುಮಾತಿನಲ್ಲಿ ನುಡಿದು ತೋರಿಸಿದ್ದರೂ ಆ ಭಂಡಾರದ ಬಹುಭಾಗವು ಇನ್ನೂ ಓಲೆಗರಿಗಳಲ್ಲಿಯೇ ಅಡಗಿದ್ದಿತು, ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರವು ಅಚ್ಚಾಗಿ ಜನರ ಕೈಸೇರಿದುದು ೧೯೨೩ರಲ್ಲಿ.

ಇಂತಹ ಸಮಯದಲ್ಲಿ, ೧೯೧೧ನೆಯ ಇಸವಿಯಲ್ಲಿ, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಉಪನ್ಯಾಸಮಾಡುವ ಸುಯೋಗವು ಶ್ರೀಕಂಠಯ್ಯನವರಿಗೆ ಒದಗಿತು. ಈ ಸಂಘವು ೧೮೯೦ರಲ್ಲಿ ಸ್ಥಾಪಿತವಾಗಿ ಕನ್ನಡಕ್ಕಾಗಿ ದುಡಿಯುತ್ತಿದ್ದ ಸಂಸ್ಥೆ. ಉಪನ್ಯಾಸಕರಿಗೆ ಆಗ ಇಪ್ಪತ್ತೇಳು ವರ್ಷ ವಯಸ್ಸು. ಕಾಲೇಜಿನಲ್ಲಿ ಅವರು ಬೋಧಿಸುತ್ತಿದ್ದುದು ಇಂಗ್ಲಿಷನ್ನು. ಅಧ್ಯಾಪಕವೃತ್ತಿಯನ್ನು ಹಿಡಿದು ಎರಡೇ ವರ್ಷಗಳಾಗಿದ್ದುವು. ಕೇಳುವವರಾದರೋ ಬೇರೊಂದು ಪ್ರಾಂತ್ಯದವರು, ಬೇರೊಂದು ಬಗೆಯ ಕನ್ನಡವನ್ನಾಡುವವರು. ಮಾತು ಸಪ್ಪೆಯಾಗಿದ್ದರೆ ಇಂಗ್ಲಿಷ್ ಓದಿದವರಿಗೆ ಕನ್ನಡದ ಚಿಂತೆಯೇಕೆಂದು ಜನರು ನಕ್ಕುಬಿಡಬಹುದಾಗಿದ್ದಿತು. ಆ ನಗೆಯು ಒಬ್ಬ ಉಪನ್ಯಾಸಕನ ಮೇಲೆ ಮಾತ್ರವಲ್ಲ, ಅವನು ಹಿಡಿದಿದ್ದ ಕಾರ್ಯದ ಮೇಲೆಯೂ ಬೀಳುತ್ತಿದ್ದಿತು. ಧ್ವನಿವರ್ಧಕಗಳಿಲ್ಲದ ಕಾಲವಾದುದರಿಂದ ಕಟ್ಟಕಡೆಯ ಸಾಲಿನವರಿಗೂ ತಲುಪುವಂತೆ ಕಂಠವನ್ನು ನಡೆಸುವ ಹೊಣೆಯೂ ಮಾತನಾಡುವವನದೇ ಆಗಿದ್ದಿತು.

ಆ ಉಪನ್ಯಾಸವು ಕನ್ನಡ ಮಾತು ತಲೆಯೆತ್ತುವ ಬಗೆ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಉಪದೇಶಮಾಡಬೇಕೆಂದಿರುವವರು ಈ ಹೆಸರೊಂದನ್ನೇ ಕುರಿತು ಕೊಂಚ ವಿಚಾರಮಾಡಿದರೂ ಬಹಳವನ್ನು ಕಲಿಯಬಹುದು. ಇದರಲ್ಲಿರುವ ಮಾತುಗಳೆಲ್ಲವೂ ಹೊಲದಲ್ಲಿ ದುಡಿಯುವವನಿಗೂ ಗೊತ್ತಿರುವಂಥವು. ಭಾಷಾಭಿವೃದ್ಧಿಯ ಉಪಾಯವೆಂದೋ ಕರ್ಣಾಟಕಭಾಷೆಯ ಉದ್ಧಾರವೆಂದೋ ಹೆಸರಿಟ್ಟಿದ್ದರೆ ಪಂಡಿತರು ತಲೆದೂಗುತ್ತಿದ್ದರು; ಉಳಿದವರು ದೂರದಲ್ಲಿಯೇ ನಿಲ್ಲುತ್ತಿದ್ದರು. ತಲೆಯೆತ್ತುವುದು ಎಂದ ಕೂಡಲೇ ತಲೆ ತಗ್ಗಿಸಿದ ಸ್ಥಿತಿಯೊಂದು ಕೇಳುವವನ ಕಣ್ಣಿಗೆ ಕಟ್ಟುವುದು. ಅವಮಾನವೂ ಆಸೆಯೂ ಒಟ್ಟಿಗೆ ಎಚ್ಚರಗೊಳ್ಳುವುವು. ಬಗೆ ಎಂದುದರಿಂದ ಇದು ಗೋಳಾಟವೂ ಅಲ್ಲ, ಹೊಗಳಿಕೆಯೂ ಅಲ್ಲ, ಮಾಡಬೇಕಾದ ಕೆಲಸದ ವಿಚಾರವೆಂಬುದು ಮೊದಲೇ ತಿಳಿಯುವುದು. ಉಪನ್ಯಾಸಕನು ತಾನು ಯಾವ ಒಂದು ಪ್ರಶ್ನೆಗೆ ಉತ್ತರ ಕೊಡಲು ನಿಂತಿರುವೆನೆಂಬುದನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಂಡಿದ್ದರೆ ಮಾತ್ರ ಅಂತಹ ಹೆಸರು ಹುಟ್ಟಬಲ್ಲದು. ನಿಶ್ಚಯವಿಲ್ಲದವನ ಉಪನ್ಯಾಸವು ಹೆಸರಿನಲ್ಲಿಯೇ ಮಬ್ಬಾಗಿರುವುದು.

ವಿಷಯವನ್ನು ಅವರು ನಡೆಸಿದ ರೀತಿಯೂ ಗಮನಾರ್ಹವಾದುದು. ಹಳಗನ್ನಡವನ್ನು ಪ್ರೀತಿಸುವವರೂ ಆ ಸಭೆಗೆ ಬೇಕಾದವರೇ, ಹೊಸತನ್ನು ಬಯಸುವವರೂ ಬೇಕಾದವರೇ. ಒಬ್ಬರನ್ನು ನೋಯಿಸಿ ಇನ್ನೊಬ್ಬರನ್ನು ಮೆಚ್ಚಿಸುವುದರಿಂದ ಕಾರ್ಯವು ಕೆಡುತ್ತಿದ್ದಿತು. ಹಳೆಯ ಕಾವ್ಯಗಳನ್ನು ಓದಿ ಉಳಿಸಿಕೊಳ್ಳಬೇಕು. ಬರೆಯುವುದು ಮಾತ್ರ ಇಂದಿನ ಜನರಿಗೆ ತಿಳಿಯುವ ಹೊಸಗನ್ನಡದಲ್ಲಿರಬೇಕು. ಇಂಗ್ಲಿಷ್ ಮೊದಲಾದ ಬೆಳೆದ ಭಾಷೆಗಳಲ್ಲಿರುವ ಒಳ್ಳೆಯದನ್ನು ಕನ್ನಡಕ್ಕೆ ತಂದುಕೊಳ್ಳಬೇಕು. ಸಾಹಿತ್ಯವು ಪಂಡಿತರ ಸೊತ್ತಾಗಿರದೆ ಜನಸಾಮಾನ್ಯರ ಸೊತ್ತಾಗಬೇಕು. ಹೀಗೆ ಅವರ ವಿಚಾರವು ಸಾಗುವುದು. ಇವುಗಳಲ್ಲಿ ಪ್ರತಿಯೊಂದೂ ಕೇಳುವವನ ಮನಸ್ಸಿನಲ್ಲಿ ಏಳಬಹುದಾದ ಒಂದೊಂದು ಸಂಶಯಕ್ಕೆ ಉತ್ತರವಾಗಿದೆ. ಹೊಸಗನ್ನಡವೆಂದರೆ ಹಳೆಯ ಕವಿಗಳನ್ನು ಬಿಡುವುದೇ ಎಂದು ಕೇಳುವವನಿಗೆ ಮೊದಲನೆಯದು ಸಮಾಧಾನ; ಹಳೆಯದೇ ಸಾಲದೇ ಎಂದು ಕೇಳುವವನಿಗೆ ಮೂರನೆಯದು ಸಮಾಧಾನ. ಇಲ್ಲಿ ವಕೀಲರ ಮನೆಯ ಪಾಠವು ಕಾಣುವುದು: ಎದುರುಪಕ್ಷದ ಪ್ರಶ್ನೆಯನ್ನು ಅದು ಏಳುವ ಮೊದಲೇ ಎತ್ತಿಕೊಂಡು ವಿನಯದಿಂದ ಬಗೆಹರಿಸುವುದು.

ಮಾತು ಮುಗಿದ ಮೇಲೆ ಉಪನ್ಯಾಸಕನ ಹೊಣೆಯು ಮುಗಿಯಿತೆಂದು ಸಾಮಾನ್ಯರು ಭಾವಿಸುವರು. ಶ್ರೀಕಂಠಯ್ಯನವರು ಹಾಗೆ ಭಾವಿಸಲಿಲ್ಲ. ಪರಭಾಷೆಯ ಒಳ್ಳೆಯದನ್ನು ಕನ್ನಡಕ್ಕೆ ತರಬೇಕೆಂದು ಹೇಳಿದವರು ತಾವೇ ತಂದು ತೋರಿಸದಿದ್ದರೆ ಅದು ಬರಿಯ ಮಾತಾಗಿ ಉಳಿಯುವುದೆಂಬುದನ್ನು ಅವರು ಅರಿತಿದ್ದರು. ತಾವು ತರಗತಿಯಲ್ಲಿ ಬೋಧಿಸುತ್ತಿದ್ದ ಇಂಗ್ಲಿಷ್ ಕವನಗಳನ್ನೇ ಆರಿಸಿ ಕನ್ನಡದಲ್ಲಿ ಹಾಡಿ ನೋಡಿದರು. ಇಂಗ್ಲಿಷ್ ಗೀತಗಳು ಎಂಬ ಆ ಸಂಗ್ರಹವು ಚಿಕ್ಕ ರೂಪದಲ್ಲಿ ೧೯೨೧ರಲ್ಲಿಯೂ, ವಿಸ್ತಾರವಾಗಿ ೧೯೨೬ರಲ್ಲಿಯೂ ಪ್ರಕಟವಾಯಿತು. ಧಾರವಾಡದಲ್ಲಿ ಆಡಿದ ಮಾತಿಗೂ ಅದರ ನಿದರ್ಶನಕ್ಕೂ ನಡುವೆ ಹತ್ತು ವರ್ಷಗಳು ಸಂದಿದ್ದುವು. ಒಂದು ದಿನದ ಉಪನ್ಯಾಸಕ್ಕೆ ಹತ್ತು ವರ್ಷಗಳ ಉದಾಹರಣೆಯನ್ನು ಒದಗಿಸಿದವರು ಲೋಕದಲ್ಲಿ ವಿರಳ.

ಆ ಗೀತಗಳಲ್ಲಿಯೂ ಅವರ ದೃಷ್ಟಿಯು ಕೇಳುವ ಕಿವಿಯ ಕಡೆಗೇ ಇದ್ದಿತು. ಪದ್ಯವೆಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸವಿರಲೇಬೇಕೆಂಬ ಹಳೆಯ ನಿಯಮವು ಕವಿಯನ್ನು ಕೃತಕವಾದ ಪದಗಳ ಕಡೆಗೆ ಎಳೆಯುತ್ತಿದ್ದಿತು. ಅವರು ಆ ಕಟ್ಟನ್ನು ಸಡಿಲಿಸಿ, ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಹೊಸ ರೀತಿಯಲ್ಲಿ ಜೋಡಿಸಿ, ಬಾಯಿಗೆ ಸುಲಭವಾಗಿಯೂ ಕಿವಿಗೆ ಇಂಪಾಗಿಯೂ ಇರುವ ನಡೆಗಳನ್ನು ಕಂಡುಹಿಡಿದರು. ಮುಂದೆ ಬಂದ ಕವಿಗಳು ಆ ದಾರಿಯಲ್ಲಿ ನಡೆದು ಹೊಸಗನ್ನಡ ಕಾವ್ಯವನ್ನು ಬೆಳೆಸಿದುದು ಸರ್ವವಿದಿತ.

೧೯೨೬ರಲ್ಲಿಯೇ ಅವರ ಗದಾಯುದ್ಧ ನಾಟಕವೂ ಹೊರಬಂದಿತು. ಹತ್ತನೆಯ ಶತಮಾನದ ಕಡೆಯ ಭಾಗದಲ್ಲಿದ್ದ ರನ್ನಕವಿಯ ಗದಾಯುದ್ಧವು ದೊಡ್ಡ ಚಂಪೂಕಾವ್ಯ. ಅದನ್ನು ಒಂದು ಸಂಜೆಯಲ್ಲಿ ಕೇಳಿ ಮುಗಿಸುವುದು ಯಾರಿಗೂ ಸಾಧ್ಯವಲ್ಲ. ಶ್ರೀಕಂಠಯ್ಯನವರು ರನ್ನನ ಮಾತುಗಳನ್ನೇ ಹೆಚ್ಚಾಗಿ ಉಳಿಸಿಕೊಂಡು, ದುರ್ಯೋಧನನ ಪತನವನ್ನು ನಡುಗಂಬವಾಗಿ ನಿಲ್ಲಿಸಿ, ಅದಕ್ಕೆ ಸಂಬಂಧಪಡದುದನ್ನು ಬಿಟ್ಟು, ರಂಗದ ಮೇಲೆ ಆಡತಕ್ಕ ರೂಪಕ್ಕೆ ಅಳವಡಿಸಿದರು. ಪಾಠಹೇಳುವವರೂ ಪ್ರವಚನಮಾಡುವವರೂ ಪ್ರತಿದಿನವೂ ಎದುರಿಸುವ ಕಷ್ಟವು ಇದೇ ಅಲ್ಲವೇ? ಗ್ರಂಥವು ಸಮುದ್ರ, ವೇಳೆಯು ಒಂದು ತಂಬಿಗೆ. ಎಲ್ಲವನ್ನೂ ಹೇಳಹೊರಟವನು ಏನನ್ನೂ ಮುಟ್ಟಿಸಲಾರನು. ಒಂದು ಕಂಬವನ್ನು ಆರಿಸಿಕೊಂಡು ಅದರ ಸುತ್ತ ಬೇಕಾದುದನ್ನು ಮಾತ್ರ ಕಟ್ಟಿದವನು ಕೇಳುವವನ ಮನಸ್ಸಿನಲ್ಲಿ ಮಂಟಪವನ್ನೇ ಎಬ್ಬಿಸಬಲ್ಲನು. ಬಿಡಬೇಕಾದುದನ್ನು ಬಿಡುವುದಕ್ಕೆ ಹೇಳಬೇಕಾದುದನ್ನು ಕಲಿಯುವುದಕ್ಕಿಂತ ಹೆಚ್ಚಿನ ವಿದ್ಯೆ ಬೇಕು.

ಅವರ ತರಗತಿಯ ಕೀರ್ತಿಯು ಮೈಸೂರು ಸೀಮೆಯಲ್ಲೆಲ್ಲ ಹರಡಿದ್ದಿತು. ಕಾವ್ಯವನ್ನಾಗಲಿ ನಾಟಕವನ್ನಾಗಲಿ ಅವರು ಪಾತ್ರಕ್ಕೂ ಭಾವಕ್ಕೂ ತಕ್ಕಂತೆ ಧ್ವನಿಯನ್ನು ಏರಿಳಿಸಿ ಓದುತ್ತಿದ್ದರು. ಅರ್ಥವನ್ನು ವಿವರಿಸುವುದಕ್ಕೆ ಮೊದಲೇ ಆ ಓದಿನಿಂದಲೇ ಅರ್ಥದ ಅರ್ಧಭಾಗವು ವಿದ್ಯಾರ್ಥಿಗಳ ಮನಸ್ಸಿಗೆ ಇಳಿಯುತ್ತಿದ್ದಿತು. ಹಾಗೆ ಓದಬೇಕಾದರೆ ಪ್ರತಿ ಸಾಲಿನ ಒಳಗನ್ನೂ ಮೊದಲೇ ಹೊಕ್ಕು ಬಂದಿರಬೇಕು; ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು, ಎಲ್ಲಿ ಪಿಸುಗುಟ್ಟಬೇಕು ಎಂಬುದು ತಿಳಿದಿರಬೇಕು. ಕುವೆಂಪು, ತೀ. ನಂ. ಶ್ರೀಕಂಠಯ್ಯ, ಡಿ. ಎಲ್. ನರಸಿಂಹಾಚಾರ್ ಮೊದಲಾದ ಮಹನೀಯರು ಅವರ ಶಿಷ್ಯವರ್ಗಕ್ಕೆ ಸೇರಿದವರು. ಚುಂಚನಗಿರಿಯ ಸುತ್ತಿನ ನಾಡಿನಿಂದಲೂ ಅನೇಕ ತರುಣರು ಆಗ ಮಹಾರಾಜಾ ಕಾಲೇಜಿಗೆ ಬಂದು ಕಲಿತರು. ಕೃಷ್ಣರಾಜಪೇಟೆಯ ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾಯರೂ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು. ತಿ. ನರಸಿಂಹಾಚಾರ್ಯರೂ ಹಾಗೆ ಬಂದವರೇ. ಒಬ್ಬರು ಪ್ರಬಂಧದಲ್ಲಿ, ಇನ್ನೊಬ್ಬರು ಕಾವ್ಯದಲ್ಲಿ ಅಗ್ರಗಣ್ಯರಾದರು.

೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿದ್ದರೂ ಕನ್ನಡದಲ್ಲಿ ಎಂ. ಎ. ತರಗತಿಯು ಅಲ್ಲಿ ಆರಂಭವಾದುದು ೧೯೨೭ರಲ್ಲಿ. ಆ ಕಾಲದಲ್ಲಿ ಶ್ರೀಕಂಠಯ್ಯನವರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿದ್ದರು. ಆಡಳಿತದ ಭಾರವನ್ನು ಹೊತ್ತಿದ್ದರೂ ಕನ್ನಡ ತರಗತಿಗಳ ಬೋಧನೆಯಲ್ಲಿ ತಾವೂ ಕೈಹಾಕಿದರು. ಕನ್ನಡ ಸಾಹಿತ್ಯಚರಿತ್ರೆ, ಛಂದಸ್ಸು ಇವುಗಳನ್ನು ಕ್ರಮವಾಗಿ ಬೋಧಿಸುವುದಕ್ಕೆ ತಕ್ಕ ಪುಸ್ತಕಗಳು ಆಗ ಸಾಕಷ್ಟು ಇರಲಿಲ್ಲ. ಆದುದರಿಂದ ಪಾಠಹೇಳುವುದಕ್ಕೆ ಮೊದಲು ಪಾಠವನ್ನೇ ಕಟ್ಟಿಕೊಳ್ಳಬೇಕಾಗಿದ್ದಿತು. ವಿದ್ಯಾರ್ಥಿಗಳಿಗಾಗಿ ವಿಶ್ವವಿದ್ಯಾನಿಲಯವು ಹೊರತಂದ ಕನ್ನಡ ಕೈಪಿಡಿಯಲ್ಲಿ ಅವರ ಬರಹಗಳು ಸೇರಿದುದು ಈ ದುಡಿಮೆಯ ಫಲ.

೧೯೨೮ರಲ್ಲಿ ಕಲಬುರ್ಗಿಯಲ್ಲಿ ನೆರೆದ ೧೪ನೆಯ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅವರೇ ಅಧ್ಯಕ್ಷರಾದರು. ಕಲಬುರ್ಗಿಯು ಆಗ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದು, ಅಲ್ಲಿ ಸರ್ಕಾರದ ಭಾಷೆಯು ಉರ್ದುವಾಗಿದ್ದಿತು. ಮೈಸೂರಿನಲ್ಲಿ ಅರಸರ ಆಶ್ರಯದಲ್ಲಿದ್ದ ಕನ್ನಡವು ಅಲ್ಲಿ ನಿರಾಶ್ರಯವಾಗಿದ್ದಿತು. ಒಂದೇ ಕನ್ನಡದ ವಿಷಯವಾದರೂ ಮೈಸೂರಿನ ತರಗತಿಗೆ ಒಂದು ಬಗೆಯ ಮಾತು, ಧಾರವಾಡದ ಸಂಘಕ್ಕೆ ಒಂದು ಬಗೆ, ಕಲಬುರ್ಗಿಯ ಮಹಾಸಭೆಗೆ ಮತ್ತೊಂದು ಬಗೆ ಬೇಕಾಗುವುದು.

ಅವರ ಕಾರ್ಯದಲ್ಲಿ ಪ್ರಶ್ನಿಸತಕ್ಕ ಅಂಶವಿರಲಿಲ್ಲವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಜನಸಾಮಾನ್ಯರ ಕನ್ನಡವನ್ನು ಎತ್ತಿಹಿಡಿದವರೇ ಗ್ರೀಕ್ ನಾಟಕದ ಆಧಾರದಿಂದ ೧೯೨೯ರಲ್ಲಿ ರಚಿಸಿದ ಅಶ್ವತ್ಥಾಮನ್ ಎಂಬ ರುದ್ರನಾಟಕಕ್ಕೆ ಹಳಗನ್ನಡವನ್ನು ಬಳಸಿದರು. ಅಳಿದ ವೀರನ ಗಾಂಭೀರ್ಯಕ್ಕೆ ಆ ಭಾಷೆಯೇ ತಕ್ಕುದೆಂಬುದು ಅದರ ಸಮರ್ಥನೆ. ಆದರೆ ಗೀತಗಳು ಜನರ ನಾಲಗೆಯಲ್ಲಿ ನಿಂತ ಹಾಗೆ ಆ ನಾಟಕವು ನಿಲ್ಲಲಿಲ್ಲ. ವಿದ್ವಾಂಸರ ಮೆಚ್ಚುಗೆಯೇ ಅದರ ಪಾಲಿಗೆ ಬಂದಿತು. ವಿಷಯಕ್ಕೆ ತಕ್ಕ ಭಾಷೆಯೂ ಬೇಕು, ಕೇಳುವವರಿಗೆ ತಕ್ಕ ಭಾಷೆಯೂ ಬೇಕು. ಇವೆರಡೂ ಒಂದಕ್ಕೊಂದು ಎದುರಾದಾಗ ಯಾವುದನ್ನು ಬಿಡಬೇಕೆಂಬುದು ಎಂತಹ ಆಚಾರ್ಯನನ್ನೂ ಕಾಡುವ ಪ್ರಶ್ನೆ.

೧೯೩೦ರ ತರುವಾಯ ಅವರು ತಾವು ಓದಿದ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೇ ಪ್ರಾಧ್ಯಾಪಕರಾಗಿ ಬಂದರು. ೧೯೩೮ರಲ್ಲಿ ಮೈಸೂರಿನ ಮಹಾಪ್ರಭುಗಳು ರಾಜಸೇವಾಸಕ್ತ ಎಂಬ ಬಿರುದನ್ನಿತ್ತು ಗೌರವಿಸಿದರು. ಅದೇ ಸಮಯದಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷತೆಯನ್ನು ವಹಿಸಿಕೊಂಡು, ಒಬ್ಬ ಉಪನ್ಯಾಸಕನಿಂದ ಆಗದ ಕೆಲಸವನ್ನು ನೂರಾರು ಜನರಿಂದ ಆಗುವಂತೆ ಏರ್ಪಡಿಸಿದರು. ಕನ್ನಡ ನುಡಿ ಎಂಬ ಪತ್ರಿಕೆಯು ಹೊರಟಿತು, ಕಾವ, ಜಾಣ, ರತ್ನ ಎಂಬ ಪರೀಕ್ಷೆಗಳು ಏರ್ಪಟ್ಟುವು, ಮಹಿಳಾಶಾಖೆಯು ಆರಂಭವಾಯಿತು, ಕಾವ್ಯವನ್ನು ರಾಗಭಾವಗಳಿಂದ ಓದಿ ಜನರಿಗೆ ತಿಳಿಸುವ ಗಮಕಕಲೆಗೂ ಪ್ರೋತ್ಸಾಹವು ದೊರೆಯಿತು. ಶಾಲೆಯನ್ನು ಬಿಟ್ಟವರೂ ಗೃಹಿಣಿಯರೂ ಅಂತಹ ಪರೀಕ್ಷೆಗಳಿಗೆ ಕುಳಿತು ಕನ್ನಡವನ್ನು ಕ್ರಮವಾಗಿ ಓದಲು ಅವಕಾಶವಾಯಿತು. ಕೇಳಿದವನು ಮರಳಿ ಹೇಳಬಲ್ಲವನಾದರೆ ಮಾತ್ರ ಬೋಧನೆಯು ಸಾರ್ಥಕವೆಂಬ ತತ್ತ್ವವು ಈ ಏರ್ಪಾಡುಗಳಲ್ಲಿ ಅಡಗಿದೆ.

೧೯೪೨ರಲ್ಲಿ ಅವರು ಸರ್ಕಾರಿ ಸೇವೆಯಿಂದ ನಿವೃತ್ತರಾದರು. ವಿಶ್ರಾಂತಿಯನ್ನು ಪಡೆಯಬೇಕಾದ ವಯಸ್ಸಿನಲ್ಲಿ ಮತ್ತೊಮ್ಮೆ ಧಾರವಾಡದ ಕರೆಯು ಬಂದಿತು. ೧೯೪೪ರಲ್ಲಿ ಅಲ್ಲಿನ ಕರ್ನಾಟಕ ಎಜುಕೇಶನ್ ಬೋರ್ಡಿನ ಆರ್ಟ್ಸ್ ಕಾಲೇಜಿಗೆ ಪ್ರಾಂಶುಪಾಲರಾಗಿ ಹೊರಟರು. ಇಪ್ಪತ್ತೇಳರ ಹರೆಯದಲ್ಲಿ ಅತಿಥಿಯಾಗಿ ನಿಂತು ಕನ್ನಡಕ್ಕೆ ದಾರಿಯನ್ನು ತೋರಿಸಿದ ಊರಿಗೆ ಅರವತ್ತು ವರ್ಷಗಳು ತುಂಬಿದ ಮೇಲೆ ಸೇವಕರಾಗಿ ಹೋದರು. ಅಲ್ಲಿಯೇ ೧೯೪೬ನೆಯ ಇಸವಿ ಜನವರಿ ೫ನೆಯ ತಾರೀಖು, ಅರವತ್ತೆರಡು ವರ್ಷಗಳು ತುಂಬಿ ಎರಡು ದಿನಗಳಾಗಿದ್ದಾಗ, ದೇಹವನ್ನು ಬಿಟ್ಟರು. ಹಂಚಿಹೋಗಿದ್ದ ಕನ್ನಡನಾಡು ೧೯೫೬ನೆಯ ನವೆಂಬರ್ ೧ನೆಯ ತಾರೀಖು ಒಂದಾದುದನ್ನು ಅವರು ಕಣ್ಣಾರೆ ಕಾಣಲಿಲ್ಲ. ಆದರೂ ಮೈಸೂರಿನ ಮಾತು ಧಾರವಾಡಕ್ಕೆ ತಿಳಿಯುವಂತೆಯೂ ಧಾರವಾಡದ ಮನಸ್ಸು ಮೈಸೂರಿಗೆ ಮುಟ್ಟುವಂತೆಯೂ ಮಾಡಿದವರ ಪಂಕ್ತಿಯಲ್ಲಿ ಅವರ ಹೆಸರು ಮುಂದಿರುವುದು ನಿರ್ವಿವಾದ.

ಈ ಪುಣ್ಯಜೀವನದಿಂದ ಮಠದ ಭಕ್ತರೂ ಶಿಷ್ಯರೂ ತೆಗೆದುಕೊಳ್ಳಬೇಕಾದ ಪಾಠವು ಸ್ಪಷ್ಟವಾಗಿದೆ. ಇಂದು ಧ್ವನಿವರ್ಧಕವು ಕಂಠಕ್ಕೆ ಬಲವನ್ನು ಕೊಡಬಲ್ಲುದು. ವಿಷಯಕ್ಕೆ ಬಲವನ್ನು ಕೊಡಲಾರದು. ವೇದಿಕೆಯನ್ನೇರುವುದಕ್ಕೆ ಮೊದಲು ಎದುರಿಗೆ ಕುಳಿತುಕೊಳ್ಳುವವರು ಯಾರೆಂಬುದನ್ನು ತಿಳಿಯಬೇಕು, ಅವರು ಮನೆಗೆ ಕೊಂಡೊಯ್ಯಬೇಕಾದ ಒಂದು ಮಾತು ಯಾವುದೆಂಬುದನ್ನು ನಿಶ್ಚಯಿಸಬೇಕು, ಅವರ ಮನಸ್ಸಿನಲ್ಲಿ ಏಳುವ ಸಂಶಯಗಳನ್ನು ಮೊದಲೇ ಎಣಿಸಿಕೊಳ್ಳಬೇಕು, ಬೇಡವಾದುದನ್ನು ಬಿಡಬೇಕು, ಓದಿ ತೋರಿಸಬೇಕಾದುದನ್ನು ಗಟ್ಟಿಯಾಗಿ ಓದಿ ಅಭ್ಯಾಸಮಾಡಬೇಕು, ಹೇಳಿದುದಕ್ಕೆ ನಿದರ್ಶನವಾಗಿ ತಾನು ನಡೆದು ತೋರಿಸಬೇಕು. ನುಡಿಗೂ ನಡೆಗೂ ಭೇದವಿರಬಾರದೆಂದು ಶರಣರು ಸಾರಿದುದು ಇದನ್ನೇ. ಅನ್ನವನ್ನು ಬಡಿಸುವವನು ಪಾತ್ರೆಯನ್ನು ತೊಳೆದು, ಅಕ್ಕಿಯನ್ನು ಆರಿಸಿ, ಹದವನ್ನು ನೋಡಿ ಬಡಿಸುವಂತೆ, ಮಾತನ್ನು ಬಡಿಸುವವನೂ ಮಾಡಲಿ. ಬೆಳ್ಳೂರಿನ ಮನೆತನದಲ್ಲಿ ಹುಟ್ಟಿ ಕನ್ನಡಕ್ಕೆ ತಲೆಯೆತ್ತುವ ಬಗೆಯನ್ನು ಕಲಿಸಿದ ಆ ಆಚಾರ್ಯರ ಸ್ಮರಣೆಯು ಈ ಮಹೋತ್ಸವದ ವೇದಿಕೆಯನ್ನೇರುವ ಪ್ರತಿಯೊಬ್ಬರಿಗೂ ಮಾರ್ಗದರ್ಶಕವಾಗಲಿ. ಕೇಳಬಂದ ಭಕ್ತರು ಅನ್ನದಿಂದಲೂ ಅರಿವಿನಿಂದಲೂ ತೃಪ್ತರಾಗಿ ಮನೆಗೆ ಹಿಂದಿರುಗಲಿ.